ವಿಮಾನ ತಗೊಳ್ತೀರಾ ಸಾಹುಕಾರ್ರೇ? ಮೊದಲು ‘ಇವತ್ತು ಹಾರೋಲ್ಲ’ ಅನ್ನೋದನ್ನ ಕಲೀರಿ!

ಕಳೆದ ವಾರ ಗಾಂಧಿ ಬಜಾರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಅಡಿಕೆ ಮಂಡಿಯ ಸಾಹುಕಾರರೊಬ್ಬರು ಬಂದು ಎದುರಿಗೆ ಕೂತರು. ಹೆಸರು ಬೇಡ, ಅವರ ಮನೆಯವರಿಗೇ ಇನ್ನೂ ವಿಷಯ ಗೊತ್ತಿಲ್ಲ. ರಾಶಿ ಅಡಿಕೆಗೆ ಒಳ್ಳೇ ರೇಟು ಸಿಕ್ಕ ಖುಷಿಯಲ್ಲಿದ್ದರು. ಆಚೆ ಈಚೆ ನೋಡಿ ಮೆಲ್ಲಗೆ ಕೇಳಿದರು: “ಅಲ್ಲ ಮಾರಾಯ್ರೇ, ನೀವು ಪೇಪರ್‌ನೋರು, ನಾಲ್ಕು ವಿಷಯ ತಿಳ್ಕೊಂಡಿರ್ತೀರಿ. ಒಂದು ಸಣ್ಣ ವಿಮಾನ ತಗೊಂಡ್ರೆ ಹೆಂಗೆ? ಸೋಗಾನೇಲಿ ಅಷ್ಟುದ್ದ ರನ್‌ವೇ ಇದೆ. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದಲ್ಲ?”

ನಗಬೇಡಿ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅಲ್ಲಿಂದೀಚೆಗೆ ಜಿಲ್ಲೆಯ ನಾಲ್ಕು ಕಾಸಿದ್ದವರ ತಲೆಯೊಳಗೆ ಇಂಥ ಹುಳ ಹೊಕ್ಕಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಹಗುರಾಗಿ ಉತ್ತರ ಕೊಡುವ ಪ್ರಶ್ನೆ ಇದಲ್ಲ. ಒಂದು ವಾರ ಟೈಮು ಕೊಡಿ ಎಂದು ಕೇಳಿಕೊಂಡು ಬಂದು, ವಿಮಾನದ ಕೈಪಿಡಿ, ಕಾನೂನು, ಅಪಘಾತದ ವರದಿ ಎಲ್ಲವನ್ನೂ ಓದಿದ್ದಾಯಿತು. ಸಾಹುಕಾರರಿಗೆ ಕೊಡಬೇಕಾದ ಉತ್ತರವನ್ನು ಈ ಅಂಕಣದಲ್ಲೇ ಕೊಡುತ್ತಿದ್ದೇನೆ.

“ನಮಗ್ಯಾಕ್ರೀ ವಿಮಾನದ ಪುರಾಣ? ನಮಗೆ ತೀರ್ಥಹಳ್ಳಿ ಬಸ್ಸು ಟೈಮಿಗೆ ಬಂದ್ರೆ ಸಾಕು” ಎನ್ನುವ ಓದುಗರೇ, ಸ್ವಲ್ಪ ತಾಳಿ. ಸಾಹುಕಾರರ ವಿಮಾನ ಕೆಟ್ಟರೆ ಬೀಳುವುದು ಯಾರದೋ ಮಾಡಿನ ಮೇಲೆ, ಅದು ನಿಮ್ಮದೂ ಆಗಬಹುದು. ಇನ್ನೊಂದು ಕಾರಣವೂ ಉಂಟು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದು ನಿಮ್ಮ ಬಸ್ಸಿನ ವಿಷಯವೇ.

ರೇಟು ಎಷ್ಟು?

ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಯಾವುದು ಗೊತ್ತೇ? ಸೆಸ್ನಾ 172 ಎಂಬ ಪುಟ್ಟ ವಿಮಾನ. ಮೊದಲು ಹಾರಿದ್ದು 1955ರಲ್ಲಿ. ಇದುವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ, ಈಗಲೂ ತಯಾರಾಗುತ್ತಿವೆ. ಒಂದೇ ಎಂಜಿನ್ನು, ನಾಲ್ಕು ಸೀಟು, ಮೇಲುಗಡೆ ರೆಕ್ಕೆ. ಸಣ್ಣ ವಿಮಾನ ಎಂದರೆ ಲೋಕವೆಲ್ಲ ನೆನೆಯುವುದು ಇದನ್ನೇ. ಹಾಗಾಗಿ ನಮ್ಮ ಲೆಕ್ಕಕ್ಕೂ ಇದೇ ಇರಲಿ.

ಹೊಸದರ ಬೆಲೆ 4 ಲಕ್ಷ ಡಾಲರ್ ದಾಟಿದೆ. ನಮ್ಮ ದುಡ್ಡಿನಲ್ಲಿ ಮೂರು ಕೋಟಿಗೂ ಮೇಲೆ. ಸುಂಕ, ತೆರಿಗೆ, ಸಾಗಣೆ ಎಲ್ಲ ಬೇರೆ. “ಹಳೇದು ತಗೊಂಡ್ರಾಯ್ತು” ಎಂದರು ಸಾಹುಕಾರರು. ತಗೊಳ್ಳಬಹುದು. ಐವತ್ತು ವರ್ಷ ಹಳೆಯ ಸೆಸ್ನಾಗಳೂ ಇಂದಿಗೂ ಹಾರುತ್ತಿವೆ. ಆದರೆ ಕೊಳ್ಳುವ ದುಡ್ಡು ಒಂದು ಸಲದ್ದು. ಆಮೇಲೆ ಶುರುವಾಗುತ್ತದೆ ನೋಡಿ, ನಿಲ್ಲಿಸುವ ಜಾಗದ ಬಾಡಿಗೆ, ಇಳಿಯುವ ಶುಲ್ಕ, ವಿಮೆ, ವರ್ಷ ವರ್ಷದ ತಪಾಸಣೆ, ಎಂಜಿನಿಯರ್ ಸಂಬಳ. ವಿಮಾನ ಹಾರಿದರೂ ಇದೆಲ್ಲ ಕೊಡಬೇಕು, ಹಾರದಿದ್ದರೂ ಕೊಡಬೇಕು. ಹೊಳೆಯಲ್ಲಿ ಈಜಿದರೂ ಒದ್ದೆ, ಮುಳುಗಿದರೂ ಒದ್ದೆ ಎಂಬ ಹಾಗೆ.

ಇನ್ನು ಸಮಯದ ಲೆಕ್ಕ. ಈ ವಿಮಾನ ಗಂಟೆಗೆ ಸುಮಾರು 220 ಕಿ.ಮೀ. ಹೋಗುತ್ತದೆ. ಸೋಗಾನೆಯಿಂದ ಬೆಂಗಳೂರಿನ ಜಕ್ಕೂರಿಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು 230 ಕಿ.ಮೀ. ಗಾಳಿ ಅನುಕೂಲವಾಗಿದ್ದರೆ ಒಂದು ಗಂಟೆ ಚಿಲ್ಲರೆ. ಭೇಷ್! ಆದರೆ ಹೊರಡುವ ಮುಂಚೆ ಹವಾಮಾನ ಕೇಳಬೇಕು, ಹಾರಾಟದ ಯೋಜನೆ ಬರೆದು ಕೊಡಬೇಕು, ವಾಯುರಕ್ಷಣೆಯವರ ಒಪ್ಪಿಗೆಯ ನಂಬರು ಪಡೆಯಬೇಕು, ವಿಮಾನವನ್ನು ಮೂಗಿನಿಂದ ಬಾಲದವರೆಗೆ ಪರೀಕ್ಷೆ ಮಾಡಬೇಕು. ಇಳಿದ ಮೇಲೆ ಜಕ್ಕೂರಿನಿಂದ ಚಿಕ್ಕಪೇಟೆಗೆ ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಹೋಗಬೇಕು. ಊಟಕ್ಕೆ ಮನೆಗೆ ಬರುತ್ತೇನೆಂದು ಅಡುಗೆಮನೆಗೆ ಮಾತು ಕೊಡಬೇಡಿ.

ದುಡ್ಡಿದ್ದವರೂ ಕಲಿಯಲೇಬೇಕು

ವಿಮಾನ ಕೊಳ್ಳಲು ಲೈಸೆನ್ಸ್ ಬೇಡ, ಹಾರಿಸಲು ಬೇಕು. ಖಾಸಗಿ ಪೈಲಟ್ ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಾಯುಯಾನದ ಕಾನೂನು, ದಾರಿ ಗುರುತಿಸುವ ವಿದ್ಯೆ, ಹವಾಮಾನ ಮುಂತಾದ ಪರೀಕ್ಷೆ ಬರೆಯಬೇಕು. ಕನಿಷ್ಠ 40 ಗಂಟೆ ಹಾರಬೇಕು, ಅದರಲ್ಲಿ ಒಂದಿಷ್ಟು ಗಂಟೆ ಪಕ್ಕದಲ್ಲಿ ಗುರು ಇಲ್ಲದೆ ಒಬ್ಬರೇ. ಇಷ್ಟೆಲ್ಲ ಆದಮೇಲೂ ಆ ಲೈಸೆನ್ಸಿನಲ್ಲಿ ಬಾಡಿಗೆಗೆ ಜನ ಹತ್ತಿಸುವಂತಿಲ್ಲ. “ಮಂಡಿಯವರು ನಾಲ್ಕು ಜನರನ್ನ ಕರ್ಕೊಂಡು ಹೋಗಿ ಪೆಟ್ರೋಲ್ ಖರ್ಚು ಹುಟ್ಟಿಸ್ಕೊಳ್ತೀನಿ” ಎಂಬ ಲೆಕ್ಕವನ್ನು ಇಲ್ಲಿಯೇ ಬಿಟ್ಟುಬಿಡಿ, ಸಾಹುಕಾರ್ರೇ.

ಹಿಂದೆ 1934ರ ವಿಮಾನ ಕಾಯಿದೆ ಇತ್ತು. ಅದರ ಜಾಗಕ್ಕೆ ‘ಭಾರತೀಯ ವಾಯುಯಾನ ಅಧಿನಿಯಮ’ ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹೆಸರು ಬದಲಾಗಿದೆ, ಬಿಗಿ ಸಡಿಲವಾಗಿಲ್ಲ. ವಿಮಾನಕ್ಕೆ ‘ವಿಟಿ’ಯಿಂದ ಶುರುವಾಗುವ ನೋಂದಣಿ ಬೇಕು, ಹಾರಲು ಯೋಗ್ಯ ಎಂಬ ಪತ್ರ ಬೇಕು, ಆ ಯೋಗ್ಯತೆಯ ಪರಿಶೀಲನೆ ಪ್ರತಿ ವರ್ಷ ಆಗಬೇಕು, ರೇಡಿಯೋಗೆ ಬೇರೆ ಲೈಸೆನ್ಸ್ ಬೇಕು. ಕೈ ಬಿಸಿ ಮಾಡಿ ಕೆಲಸ ಮುಗಿಸುವ ಅಭ್ಯಾಸದವರು ಒಂದು ವಿಷಯ ನೆನಪಿಡಿ: ಕಾಗದ ತಂದುಕೊಡುವವರು ನೆಲದ ಮೇಲೆ ಇರುತ್ತಾರೆ, ನೀವು ಮೇಲೆ ಇರುತ್ತೀರಿ.

ಟಾಟಾ ಮನೆತನಕ್ಕೆ ದುಡ್ಡಿನ ಕೊರತೆ ಇತ್ತೇ? ಜೆ.ಆರ್.ಡಿ. ಟಾಟಾ ಅವರೂ ಕಲಿತು, ಪರೀಕ್ಷೆ ಕೊಟ್ಟು, 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಪಡೆದರು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು. ಮೊದಲು ವಿದ್ಯೆ, ಆಮೇಲೆ ವಿಮಾನ. ನಮ್ಮವರು ತಿರುಗಾಮುರುಗಾ ಹೊರಟಿದ್ದಾರೆ.

ಹಾಗಾಗಿ ಮೊದಲ ಸಲಹೆ ಇದು. ವಿಮಾನ ಕೊಳ್ಳುವ ಮಾತು ಬದಿಗಿಟ್ಟು, ಹಾರಾಟದ ಶಾಲೆಗೆ ಸೇರಿ, ಅವರ ವಿಮಾನದಲ್ಲಿ ಆ 40 ಗಂಟೆ ಮುಗಿಸಿ. ಅಷ್ಟರೊಳಗೆ ಹುಚ್ಚು ಇಳಿದರೆ ಮೂರು ಕೋಟಿ ಉಳಿಯಿತು. ಇಳಿಯದಿದ್ದರೆ ಆಗ ಮಾತಾಡೋಣ.

ಹಳೇ ವಿಮಾನ ನೋಡುವ ಬಗೆ

ಹಳೇ ಲಾರಿ ಕೊಳ್ಳುವಾಗ ನೀವು ಏನು ನೋಡುತ್ತೀರಿ? ಬಣ್ಣಕ್ಕೆ ಮರುಳಾಗುವುದಿಲ್ಲ, ಎಂಜಿನ್ ಸದ್ದು ಕೇಳುತ್ತೀರಿ, ಚಾಸಿ ಕೆಳಗೆ ಬಗ್ಗಿ ನೋಡುತ್ತೀರಿ, ಆರ್.ಸಿ. ಪುಸ್ತಕ ತಿರುವಿ ಹಾಕುತ್ತೀರಿ. ವಿಮಾನಕ್ಕೂ ಅದೇ ನ್ಯಾಯ, ಹತ್ತು ಪಟ್ಟು ಜಾಸ್ತಿ. ವಿಮಾನದ ಜಾತಕವೆಲ್ಲ ಲಾಗ್ ಪುಸ್ತಕದಲ್ಲಿ ಇರುತ್ತದೆ. ಎಂದು ತಯಾರಾಯಿತು, ಎಷ್ಟು ಗಂಟೆ ಹಾರಿತು, ಯಾವ ನಟ್ಟು ಯಾವಾಗ ಬದಲಾಯಿತು, ಯಾರು ಸಹಿ ಹಾಕಿದರು, ಎಲ್ಲವೂ. ಲಾಗ್ ಪುಸ್ತಕ ಕಳೆದುಹೋಗಿದೆ ಎಂದು ಮಾರುವವನು ಹೇಳಿದರೆ, ಕೈ ಮುಗಿದು ವಾಪಸ್ ಬನ್ನಿ.

ಈ ವಿಮಾನಗಳಿಗೆ ಹಾಕುವ ಲೈಕಮಿಂಗ್ ಎಂಜಿನ್ನಿಗೆ ತಯಾರಕರು ಹೇಳುವ ಆಯುಷ್ಯ ಸಾಮಾನ್ಯವಾಗಿ 2000 ಗಂಟೆ, ಇಲ್ಲವೇ 12 ವರ್ಷ, ಯಾವುದು ಮೊದಲೋ ಅದು. ಆಮೇಲೆ ಪೂರ್ತಿ ಬಿಚ್ಚಿ ಜೋಡಿಸಬೇಕು. ಆ ಖರ್ಚಿನಲ್ಲಿ ನಮ್ಮೂರಲ್ಲಿ ಒಳ್ಳೇ ಕಾರು ಬರುತ್ತದೆ. 1900 ಗಂಟೆ ಓಡಿದ ಎಂಜಿನ್ನು ಅಗ್ಗಕ್ಕೆ ಬಂತು ಎಂದರೆ ಯಾಕೆ ಅಗ್ಗ ಎಂಬುದು ಈಗ ತಿಳಿಯಿತಲ್ಲ? ಅದಕ್ಕಿಂತ ಮೋಸದ್ದು ಇನ್ನೊಂದಿದೆ. ಮೂವತ್ತು ವರ್ಷದಲ್ಲಿ ಬರೀ 400 ಗಂಟೆ ಓಡಿದ ಎಂಜಿನ್ನು. “ಮುಟ್ಟೇ ಇಲ್ಲ ಸ್ವಾಮಿ, ಹೊಸದರ ಹಂಗೆ ಇದೆ” ಅನ್ನುತ್ತಾರೆ. ಮುಟ್ಟದೇ ಇದ್ದದ್ದೇ ಅದರ ರೋಗ. ಯಾಕೆಂದು ಮುಂದೆ ಹೇಳುತ್ತೇನೆ.

ತಪಾಸಣೆಗೆ ಮಾರುವವನ ಎಂಜಿನಿಯರನ್ನು ನಂಬಬೇಡಿ, ನಿಮ್ಮ ಕಡೆಯ ಲೈಸೆನ್ಸ್ ಇರುವ ಎಂಜಿನಿಯರನ್ನು ಕರೆದುಕೊಂಡು ಹೋಗಿ. ಸಿಲಿಂಡರಿನಲ್ಲಿ ಒತ್ತಡ ನಿಲ್ಲುತ್ತದೆಯೇ, ರೆಕ್ಕೆಯೊಳಗೆ ತುಕ್ಕು ಹಿಡಿದಿದೆಯೇ, ಹಿಂದೆ ಎಲ್ಲಾದರೂ ಬಡಿದು ರಿಪೇರಿ ಆಗಿದೆಯೇ ಎಂದು ನೋಡಲಿ. ಅವರಿಗೆ ಕೊಡುವ ಫೀಸಿನಲ್ಲಿ ಚೌಕಾಸಿ ಬೇಡ.

ಮಳೆಗಾಲದ ಶತ್ರು

ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ತೋಟಕ್ಕೆ ಬೋರ್ಡೋ ಹೊಡೆಯಲೂ ಮಳೆ ಬಿಡುವು ಕೊಡುವುದಿಲ್ಲ. ಆ ನಾಲ್ಕು ತಿಂಗಳು ಕಣ್ಣಳತೆಯಲ್ಲಿ ಹಾರುವ ಸಣ್ಣ ವಿಮಾನ ಬಹಳ ದಿನ ಗೂಡಿನಲ್ಲೇ ಕೂರಬೇಕು. ಕೂತರೆ ಏನಾಗುತ್ತದೆ? ತುಕ್ಕು.

ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಗಡೆ ಇರುತ್ತದೆ. ನಿಲ್ಲಿಸಿದ ಮೇಲೆ ಆಯಿಲ್ಲೆಲ್ಲ ಕೆಳಗಿಳಿದು ಆ ಕಬ್ಬಿಣ ಬರಿಮೈಯಾಗುತ್ತದೆ. ಥಂಡಿ ಗಾಳಿ ತಾಗಿ ಅಲ್ಲಿ ತುಕ್ಕು ಕೂರುತ್ತದೆ. ಮುಂದೆ ಎಂಜಿನ್ ತಿರುಗಿದಾಗ ಆ ತುಕ್ಕೇ ಅರದ ಹಾಗೆ ಲೋಹವನ್ನು ತಿನ್ನುತ್ತದೆ. ಅದಕ್ಕೆ ತಯಾರಕರ ಮಾತು: ತಿಂಗಳಿಗೆ ಒಮ್ಮೆಯಾದರೂ ವಿಮಾನವನ್ನು ಒಂದು ಗಂಟೆ ಹಾರಿಸಿ, ಆಯಿಲ್ಲು ಚೆನ್ನಾಗಿ ಕಾಯಲಿ, ಒಳಗಿನ ನೀರು ಆವಿಯಾಗಿ ಹೋಗಲಿ. ನೆಲದ ಮೇಲೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸಾಲದು. ಅಷ್ಟಕ್ಕೆ ನೀರು ಹೋಗುವುದಿಲ್ಲ, ಮತ್ತಷ್ಟು ಸೇರಿಕೊಳ್ಳುತ್ತದೆ. ಆಯಿಲ್ಲನ್ನು 50 ಗಂಟೆಗೊಮ್ಮೆ, ಹಾರದಿದ್ದರೂ ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸಬೇಕು. ಮಳೆಗಾಲವೆಲ್ಲ ನಿಲ್ಲಿಸುವುದೇ ಆದರೆ ಎಂಜಿನ್ನಿಗೆ ಸಂರಕ್ಷಣೆಯ ಆಯಿಲ್ಲು ಹಾಕಿಸಿ, ಎಂಜಿನಿಯರ್ ಹೇಳಿದ ಹಾಗೆ ಮುಚ್ಚಿಡಬೇಕು.

ಹುಳು ಹುಪ್ಪಟೆಗಳ ಕಾಟ ಬೇರೆ. ವಿಮಾನದ ವೇಗ ಅಳೆಯಲು ರೆಕ್ಕೆಯ ಕೆಳಗೆ ಒಂದು ಸಣ್ಣ ಕೊಳವೆ ಇರುತ್ತದೆ, ಪಿಟಾಟ್ ಕೊಳವೆ ಅನ್ನುತ್ತಾರೆ. ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ ಅಂಥ ತೂತು ಸಿಕ್ಕರೆ ಹಬ್ಬ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ದೊಡ್ಡ ಬೋಯಿಂಗ್ ವಿಮಾನವೊಂದು ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಅದು ಕೆಲವು ದಿನ ನಿಂತಿದ್ದಾಗ ಇಂಥ ಹುಳವೇ ಕೊಳವೆಯಲ್ಲಿ ಗೂಡು ಕಟ್ಟಿರಬೇಕು, ಅದರಿಂದ ವೇಗದ ಮುಳ್ಳು ಸುಳ್ಳು ತೋರಿಸಿತು ಎಂದು ತನಿಖೆಯವರು ಹೇಳಿದರು. ಆ ಕೊಳವೆಗೆ ಒಂದು ಬಟ್ಟೆಯ ಮುಚ್ಚಳ ಹಾಕಿದರೆ ಹುಳ ಬರುವುದಿಲ್ಲ. ಹಾರುವ ಮುಂಚೆ ಅದನ್ನು ತೆಗೆಯುವುದು ಮರೆಯಬಾರದು, ಅಷ್ಟೇ.

ಹೊರಡುವ ಮುಂಚಿನ ಪ್ರದಕ್ಷಿಣೆ

ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ ಪ್ರತಿ ಸಲವೂ ವಿಮಾನದ ಸುತ್ತ ಒಂದು ಸುತ್ತು ಬರಬೇಕು. ಕೈಯಲ್ಲಿ ಪಟ್ಟಿ ಇರಬೇಕು, ಬಾಯಿಪಾಠ ನಡೆಯುವುದಿಲ್ಲ. ಈ ಪಟ್ಟಿಯ ಪದ್ಧತಿ ಬಂದದ್ದು ಹೇಗೆ ಗೊತ್ತೇ? 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನವೊಂದು ಪರೀಕ್ಷಾ ಹಾರಾಟದಲ್ಲೇ ನೆಲಕ್ಕಪ್ಪಳಿಸಿತು. ಹಾರಿಸಿದವರು ನುರಿತ ಕೈ. ನಿಂತಾಗ ಗಾಳಿಗೆ ಬಾಲ ಅಲುಗದಿರಲೆಂದು ಹಾಕುವ ಬೀಗವನ್ನು ತೆಗೆಯದೆ ಹೊರಟಿದ್ದರು. ಅಂದಿನಿಂದ ಎಷ್ಟು ದೊಡ್ಡ ಪೈಲಟ್ ಆದರೂ ಪಟ್ಟಿ ಓದಿಯೇ ಹೊರಡಬೇಕೆಂಬ ಅಭ್ಯಾಸ ಬೆಳೆಯಿತು.

ಪೆಟ್ರೋಲಿನ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಇದಕ್ಕೆ ಹಾಕುವುದು ಅವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲು, ನೀಲಿ ಬಣ್ಣ. ದೊಡ್ಡ ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದು, ಹೆಚ್ಚುಕಡಿಮೆ ನೀರಿನ ಬಣ್ಣ. ಗೊತ್ತಿಲ್ಲದವರು ಅದನ್ನು ಇದಕ್ಕೆ ತುಂಬಿದರೆ ಎಂಜಿನ್ ಮೇಲೇರಿದ ಮೇಲೆ ಕೈಕೊಡುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಹೊಸ ಸೆಸ್ನಾ 172ರಲ್ಲಿ 13 ಕಡೆ ಸಣ್ಣ ಕವಾಟಗಳಿವೆ. ಒಂದೊಂದರಿಂದಲೂ ಗಾಜಿನಂಥ ಲೋಟಕ್ಕೆ ಸ್ವಲ್ಪ ಹಿಡಿದು ನೋಡಬೇಕು. ತಳದಲ್ಲಿ ನೀರಿನ ಗುಳ್ಳೆ ಕಂಡರೆ ಅದು ಹೋಗುವವರೆಗೂ ಸುರಿಯಬೇಕು. 13ರ ಬದಲು 12 ನೋಡಿ ಸಾಕು ಎನ್ನುವವನಿಗೆ ಈ ವಿದ್ಯೆ ಬೇಡ.

ನಮ್ಮ ದೇಶದಲ್ಲಿ ಅವ್‌ಗ್ಯಾಸ್ ತಯಾರಿಕೆಯನ್ನು ಇಂಡಿಯನ್ ಆಯಿಲ್‌ನವರು 2022ರಲ್ಲಿ ಗುಜರಾತಿನ ವಡೋದರದಲ್ಲಿ ಶುರುಮಾಡಿದರು. ಅಲ್ಲಿಯವರೆಗೂ ಹೊರದೇಶದಿಂದ ಬರಬೇಕಿತ್ತು. ಈಗಲೂ ಇದು ಬಂಕಿನಲ್ಲಿ ಸಿಗುವ ಮಾಲಲ್ಲ. ಆದ್ದರಿಂದ ವಿಮಾನ ಕೊಳ್ಳುವ ಮುಂಚೆಯೇ ಕೇಳಬೇಕಾದ ಪ್ರಶ್ನೆಗಳಿವು: ನಿಲ್ಲಿಸುವ ಊರಲ್ಲಿ ಅವ್‌ಗ್ಯಾಸ್ ಸಿಗುತ್ತದೆಯೇ? ಇಳಿಯುವ ಊರಲ್ಲಿ? ಮಳೆ ಬಿಸಿಲಿಗೆ ಮರೆಯಾಗಿ ನಿಲ್ಲಿಸಲು ಹ್ಯಾಂಗರ್ ಕೊಡುತ್ತಾರೆಯೇ? ನಿಲ್ದಾಣ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ತೆರೆದಿರುತ್ತದೆ? ಇದಕ್ಕೆಲ್ಲ ಕಾಗದದಲ್ಲಿ ಉತ್ತರ ಸಿಗುವವರೆಗೂ ಅಡ್ವಾನ್ಸ್ ಕೊಡಬೇಡಿ. ರನ್‌ವೇ ಉದ್ದ ನಿಮ್ಮ ಚಿಂತೆಯಲ್ಲ. ಸೋಗಾನೆಯದು 3 ಕಿ.ಮೀ.ಗೂ ಉದ್ದ. ಈ ಪುಟ್ಟ ವಿಮಾನ ಸಮುದ್ರಮಟ್ಟದಲ್ಲಾದರೆ 300 ಮೀಟರಿನೊಳಗೆ ನೆಲ ಬಿಡುತ್ತದೆ. ಎತ್ತರದ ಊರಲ್ಲಿ, ಏಪ್ರಿಲ್ ಬಿಸಿಲಲ್ಲಿ ಗಾಳಿ ತೆಳುವಾಗಿರುವುದರಿಂದ ಇನ್ನಷ್ಟು ಓಡಬೇಕಾಗುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಮರೆಯಬಾರದು.

ಇದರ ಎಂಜಿನ್ನಿಗೆ ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗು, ಕಿಡಿ ಕೊಡಲು ಎರಡು ಮ್ಯಾಗ್ನೆಟೊ. ಒಂದು ಕೆಟ್ಟರೆ ಇನ್ನೊಂದು ನಡೆಸಲಿ ಎಂದು. ಹಾರುವ ಮುಂಚೆ ಒಂದೊಂದನ್ನೇ ಆರಿಸಿ ಎಂಜಿನ್ ಸುತ್ತು ಎಷ್ಟು ಇಳಿಯುತ್ತದೆ ಎಂದು ನೋಡುತ್ತಾರೆ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಇಳಿದರೆ ಅವತ್ತಿನ ಪ್ರಯಾಣ ರದ್ದು. ಇಲ್ಲಿಯೇ ನೋಡಿ ನಮ್ಮವರ ಕಷ್ಟ. ‘ಸ್ವಲ್ಪ ಜಾಸ್ತಿ ಇಳೀತು, ಬೆಂಗಳೂರಿಗೆ ಹೋಗಿ ತೋರಿಸಿದ್ರಾಯ್ತು’ ಅನ್ನುವ ನಾಲಿಗೆ ನಮ್ಮದು.

ನಾಲ್ಕು ಸೀಟು ಎಂದರೆ ನಾಲ್ಕು ಜನವಲ್ಲ

ತಕ್ಕಡಿ ಹಿಡಿದು ಬದುಕುವ ಅಂಗಡಿಯವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಹೊಸ ಸೆಸ್ನಾ 172 ಏರುವಾಗ ಒಟ್ಟು ತೂಕ 1157 ಕೆ.ಜಿ. ಮೀರಬಾರದು. ವಿಮಾನದ ಸ್ವಂತ ತೂಕವೇ ಸುಮಾರು 760. ಉಳಿದದ್ದು 400 ಕೆ.ಜಿ. ಆಸುಪಾಸು. ಟ್ಯಾಂಕ್ ತುಂಬಿಸಿದರೆ ಸುಮಾರು 200 ಲೀಟರು, ಅದರ ತೂಕ 144 ಕೆ.ಜಿ. ಇನ್ನು ಉಳಿದದ್ದು 250. ಗಟ್ಟಿಮುಟ್ಟಾದ ಮೂರು ಜನ ಕೂತು ಎರಡು ಚೀಲ ಇಟ್ಟರೆ ಮುಗಿಯಿತು. ನಾಲ್ಕನೆಯವರು ಬೇಕೆಂದರೆ ಪೆಟ್ರೋಲು ಕಡಿಮೆ ಮಾಡಬೇಕು. ಅದರ ಮೇಲೆ ಭಾರ ಎಲ್ಲಿ ಕೂತಿದೆ ಎಂಬುದೂ ಲೆಕ್ಕವೇ. ಹಿಂದೆ ಜಾಸ್ತಿಯಾದರೆ ಮೂಗು ಮೇಲೆದ್ದು, ವೇಗ ಸತ್ತು, ರೆಕ್ಕೆ ಗಾಳಿಯ ಹಿಡಿತ ಬಿಡುತ್ತದೆ. ಬಸ್ಸಿನ ಮೇಲೆ ಇನ್ನೊಂದು ಮೂಟೆ ಎಸೆದ ಹಾಗೆ ಇಲ್ಲಿ ನಡೆಯುವುದಿಲ್ಲ.

ತೋಟದ ಮೇಲೆ ತಗ್ಗಿನಲ್ಲಿ ಹಾರಿ ಮನೆಯವರಿಗೆ ಕೈ ಬೀಸುವ ಆಸೆಯೂ ಬೇಡ. ಊರ ಮೇಲೆ ಸಾವಿರ ಅಡಿ, ಬಯಲಿನಲ್ಲಿ ಐನೂರು ಅಡಿಗಿಂತ ಕೆಳಗೆ ಹಾರಬಾರದು ಎಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಕೆಳಗಿದ್ದಾಗ ತಪ್ಪು ತಿದ್ದಿಕೊಳ್ಳಲು ಜಾಗ ಇರುವುದಿಲ್ಲ. 1980ರ ಜೂನ್ 23ರ ಬೆಳಿಗ್ಗೆ ದೆಹಲಿಯಲ್ಲಿ ಸಂಜಯ ಗಾಂಧಿಯವರು ಸಣ್ಣ ವಿಮಾನದಲ್ಲಿ ಕಸರತ್ತು ಮಾಡುತ್ತ ಬಿದ್ದು ಸತ್ತರು. ಜೊತೆಯಲ್ಲಿದ್ದ ಕ್ಯಾಪ್ಟನ್ ಕೂಡ ಉಳಿಯಲಿಲ್ಲ. ಆಗ ಅವರ ತಾಯಿಯೇ ದೇಶದ ಪ್ರಧಾನಿ. ಗಾಳಿಗೆ ಅದೆಲ್ಲ ತಿಳಿಯುವುದಿಲ್ಲ.

ಮದುವೆಗೆ ಹೊರಟ ವಿಮಾನ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಣ್ಣ ವಿಮಾನದಲ್ಲಿ ಸಾಯುವವರು ಬಹಳ ಸಲ ಎಂಜಿನ್ ಕೆಟ್ಟು ಸಾಯುವುದಿಲ್ಲ. ಹೋಗಲೇಬೇಕು ಎಂಬ ಹಟದಿಂದ ಸಾಯುತ್ತಾರೆ.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಕೆನಡಿ ಜೂನಿಯರ್. ದುಡ್ಡಿತ್ತು, ಹೆಸರಿತ್ತು, ಸ್ವಂತ ವಿಮಾನವಿತ್ತು, ಲೈಸೆನ್ಸೂ ಇತ್ತು. 1999ರ ಜುಲೈ 16ರಂದು ಚಿಕ್ಕಪ್ಪನ ಮಗಳ ಮದುವೆಗೆಂದು ಹೆಂಡತಿ, ನಾದಿನಿ ಇಬ್ಬರನ್ನೂ ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟರು. ಹೊರಟಾಗ ರಾತ್ರಿ ಎಂಟೂವರೆ ದಾಟಿತ್ತು. ಸಮುದ್ರದ ಮೇಲೆ ಕತ್ತಲೆ, ಜೊತೆಗೆ ಮಬ್ಬು. ಹೊರಗೆ ಏನೂ ಕಾಣದಾಗ ಬರೀ ಮೀಟರು ನೋಡಿ ಹಾರಿಸುವ ಅರ್ಹತೆಯನ್ನು ಅವರು ಇನ್ನೂ ಪಡೆದಿರಲಿಲ್ಲ. ‘ನಾನೂ ಜೊತೆಗೆ ಬರ್ತೀನಿ’ ಎಂದು ಬೋಧಕರೊಬ್ಬರು ಹೇಳಿದ್ದರು. ಒಬ್ಬನೇ ಹಾರಿಸಬೇಕೆಂಬ ಮನಸ್ಸು, ಬೇಡ ಎಂದರು. ಮೇಲೆ ಯಾವುದು, ಕೆಳಗೆ ಯಾವುದು ಎಂಬ ದಿಕ್ಕು ತಪ್ಪಿ ವಿಮಾನ ಸಮುದ್ರಕ್ಕೆ ಬಿತ್ತು. ಮೂವರೂ ಹೋದರು. ಎಂಜಿನ್ನಿನಲ್ಲಿ ದೋಷವೇನೂ ಸಿಗಲಿಲ್ಲ.

ಇದು ಅವರೊಬ್ಬರ ದಡ್ಡತನ ಎಂದುಕೊಳ್ಳಬೇಡಿ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಮೀಟರು ನೋಡಿ ಹಾರಿಸಿ ಅಭ್ಯಾಸವಿಲ್ಲದ 20 ಜನರನ್ನು ಆರಿಸಿ, ಪಕ್ಕದಲ್ಲಿ ಬೋಧಕರನ್ನು ಕೂರಿಸಿ, ಮೋಡದೊಳಗೆ ಹೊಕ್ಕಂತೆ ಹೊರಗಿನದೇನೂ ಕಾಣದ ಹಾಗೆ ಮಾಡಿದರು. ಇಪ್ಪತ್ತಕ್ಕೆ ಇಪ್ಪತ್ತು ಜನವೂ ಹಿಡಿತ ಕಳೆದುಕೊಂಡರು. ಸರಾಸರಿ ಎಷ್ಟು ಹೊತ್ತಿಗೆ? 178 ಸೆಕೆಂಡಿಗೆ. ಮೂರು ನಿಮಿಷವೂ ಇಲ್ಲ. ನಾವು ಒಂದು ಕಾಫಿ ಕುಡಿಯುವ ಹೊತ್ತು.

ಘಟ್ಟದ ಅಂಚಿನಲ್ಲಿರುವ ನಮ್ಮ ಜಿಲ್ಲೆಯಲ್ಲಿ ಮೋಡ ನೆಲಕ್ಕಿಳಿಯುವುದಕ್ಕೆ ಎಷ್ಟು ಹೊತ್ತು ಬೇಕು? ಆಗುಂಬೆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಈಗ ಸಾಹುಕಾರರ ವಿಷಯ. ಹೋದ ಜುಲೈನಲ್ಲಿ ಉಡುಪಿಯಿಂದ ಬರುವಾಗ, ಅಡ್ಡಗಾಳಿ ಜಡಿಮಳೆಯ ರಾತ್ರಿ, ಡ್ರೈವರ್ ಬೇಡವೆಂದರೂ ಕೇಳದೆ ಆಗುಂಬೆ ಘಾಟಿ ಹತ್ತಿಸಿದವರು ಇವರೇ. ಬೆಳಿಗ್ಗೆ ಟೆಂಡರ್ ಇತ್ತಂತೆ. ಆ ದಿನ ಹೋಟೆಲಿನಿಂದ ನನ್ನನ್ನು ತಮ್ಮ ಕಾರಿನಲ್ಲಿ ಬಿಟ್ಟರಲ್ಲ, ಮುಂದೆ ಕೆಂಪು ದೀಪವೊಂದು ಉರಿಯುತ್ತಿತ್ತು. “ಇದೇನು ಸಾಹುಕಾರ್ರೇ?” ಎಂದೆ. “ಅಯ್ಯೋ ಅದು ಎರಡು ತಿಂಗಳಿಂದ ಉರೀತಾ ಇದೆ, ಏನೂ ಆಗಲ್ಲ ಬಿಡಿ” ಎಂದರು. ಸಾಹುಕಾರ್ರೇ, ಬೇಜಾರು ಮಾಡಿಕೊಳ್ಳಬೇಡಿ. ಆ ದೀಪ ಆರುವವರೆಗೂ ನಿಮಗೆ ವಿಮಾನ ಬೇಡ. ನಿಮ್ಮ ಹತ್ತಿರ ದುಡ್ಡಿಗೆ ಕೊರತೆ ಇಲ್ಲ, ಧೈರ್ಯಕ್ಕೂ ಇಲ್ಲ. ‘ಇವತ್ತು ಬೇಡ, ನಾಳೆ ನೋಡೋಣ’ ಎಂಬ ಮಾತು ನಿಮ್ಮ ಬಾಯಲ್ಲಿ ಇದುವರೆಗೆ ನಾನು ಕೇಳಿಲ್ಲ. ವಿಮಾನ ಇಟ್ಟವನಿಗೆ ಮೊದಲು ಬೇಕಾದ್ದೇ ಆ ಮಾತು. ಎದುರಿಗೆ ಬೀಗರು ಕಾದಿರಲಿ, ಮಂತ್ರಿಗಳು ಕಾದಿರಲಿ, ಮೋಡ ಕಂಡರೆ ವಿಮಾನ ಅಲ್ಲೇ ಬಿಟ್ಟು ಬಸ್ಸು ಹತ್ತಬೇಕು.

ಬೇಕೇ ಬೇಕು ಎಂದರೆ

ಬರೀ ಬೇಡ ಎಂದು ಹೇಳಿ ಹೋಗುವುದು ಹಿರಿಯರ ಲಕ್ಷಣವಲ್ಲ. ಬೇಕೇ ಬೇಕು ಎಂದರೆ ದಾರಿ ಇದೆ. ಒಬ್ಬರೇ ಕೊಳ್ಳಬೇಡಿ, ನಾಲ್ಕೈದು ಜನ ಸೇರಿ ಕೂಟ ಮಾಡಿ. ನಮ್ಮ ನಾಡಿನಲ್ಲಿ ಜನಸಾಮಾನ್ಯರು ಹಾರಲು ಕಲಿತದ್ದೇ ಹಾಗೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್‌ನವರು 1958ರಲ್ಲಿ ‘ಪುಷ್ಪಕ್’ ಎಂಬ ಎರಡು ಸೀಟಿನ ವಿಮಾನ ಮಾಡಿದರು. ಬರೀ 90 ಕುದುರೆಶಕ್ತಿಯ ಎಂಜಿನ್ನು, ಬಟ್ಟೆ ಹೊದಿಸಿದ ರೆಕ್ಕೆ. ಅದು ಹಾರಿದ್ದು ಹೆಚ್ಚಾಗಿ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ, ಸಾಹುಕಾರರ ಮನೆಯಂಗಳದಲ್ಲಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಮೊದಲು ಹಾರಿತು. ಅದೂ ಎರಡು ಸೀಟಿನದೇ, ಕ್ಲಬ್ಬುಗಳಲ್ಲಿ ಕಲಿಸಲೆಂದೇ ಮಾಡಿದ್ದು. ನಾಲ್ಕು ಜನ ಹಂಚಿಕೊಂಡರೆ ಖರ್ಚು ಕಾಲು ಭಾಗ. ತಿಂಗಳಲ್ಲಿ ಯಾರಾದರೊಬ್ಬರು ಹಾರಿಸುತ್ತಾರೆ, ಎಂಜಿನ್ನಿಗೆ ತುಕ್ಕು ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಹಟ ಹಿಡಿದರೆ ಬೀಗದ ಕೈ ಕಿತ್ತಿಟ್ಟುಕೊಳ್ಳಲು ಇನ್ನೂ ಮೂವರು ಇರುತ್ತಾರೆ.

ಕೊನೆಗೆ, ಬಸ್ಸಿನ ಮಾತು

ಬಸ್ಸಿನ ಓದುಗರಿಗೆ ಮಾತು ಕೊಟ್ಟಿದ್ದೆನಲ್ಲ? ಇಗೋ. ಈ ವಿಮಾನವನ್ನು ಸಾಮಾನ್ಯವಾಗಿ 100 ಗಂಟೆಗೊಮ್ಮೆ ಬಿಚ್ಚಿ ನೋಡುತ್ತಾರೆ, ಲೈಸೆನ್ಸ್ ಇರುವವನು ಸಹಿ ಹಾಕುತ್ತಾನೆ, ಸಹಿ ಇಲ್ಲದೆ ಚಕ್ರ ಉರುಳುವುದಿಲ್ಲ. 100 ಗಂಟೆ ಎಂದರೆ ಸುಮಾರು 20 ಸಾವಿರ ಕಿ.ಮೀ. ದಿನಕ್ಕೆ 400 ಕಿ.ಮೀ. ಓಡುವ ಬಸ್ಸು ಅಷ್ಟು ದೂರವನ್ನು 50 ದಿನಕ್ಕೆ ಓಡುತ್ತದೆ. ಅದರ ಎಫ್.ಸಿ. ಯಾವಾಗ? ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ನಡುವೆ ಮಾಲೀಕರ ಮನಸ್ಸು, ಡ್ರೈವರ್ ಪುಣ್ಯ! ಮೊನ್ನೆ ಮಳೆಯಲ್ಲಿ ನಾನು ಕೂತಿದ್ದ ಬಸ್ಸಿಗೆ ವೈಪರೇ ಇರಲಿಲ್ಲ. ಕಂಡಕ್ಟರ್ ಕಿಟಕಿಯಿಂದ ಕೈ ಹಾಕಿ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದ. ಐವತ್ತು ಜನ ಒಳಗಿದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅದು ನನ್ನ ತಪ್ಪೇ.

ಮೂರು ಜನ ಕೂರುವ ವಿಮಾನಕ್ಕೆ ಒಂದು ಪಟ್ಟಿ, ಒಂದು ಸಹಿ ಇರಬಹುದಾದರೆ, ಐವತ್ತು ಜನ ಕೂರುವ ಬಸ್ಸಿಗೆ ಯಾಕೆ ಬೇಡ? ಬ್ರೇಕು, ಟೈರು, ವೈಪರ್, ದೀಪ, ತುರ್ತು ಬಾಗಿಲು, ಬರೀ ಐದು ಸಾಲಿನ ಪಟ್ಟಿ. ಬೆಳಿಗ್ಗೆ ಬಸ್ ಸ್ಟ್ಯಾಂಡ್ ಬಿಡುವ ಮುಂಚೆ ಡ್ರೈವರ್ ನೋಡಿ ಸಹಿ ಮಾಡಲಿ, ಅದನ್ನು ಪ್ರಯಾಣಿಕರ ಕಣ್ಣಿಗೆ ಕಾಣುವ ಹಾಗೆ ಒಳಗೆ ತೂಗುಹಾಕಲಿ. ‘ಇವತ್ತು ಈ ಬಸ್ಸು ಹೊರಡೋಲ್ಲ’ ಎಂದು ಹೇಳಿದ ಡ್ರೈವರಿನ ಕೆಲಸ ಹೋಗದಂತೆ ಮಾಲೀಕರ ಸಂಘದವರು, ಸಾರಿಗೆ ಅಧಿಕಾರಿಗಳು ಮಾತು ಕೊಡಲಿ. ಇದಕ್ಕೆ ಮೂರು ಕೋಟಿ ಬೇಡ, ಒಂದು ಹಾಳೆ ಕಾಗದ ಸಾಕು.

ಈ ಅಂಕಣ ಅಚ್ಚಿಗೆ ಹೋಗುವ ಮುಂಚೆ ಸಾಹುಕಾರರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಕಾರು ಸರ್ವೀಸಿಗೆ ಬಿಟ್ಟಿದ್ದೀನಿ ಮಾರಾಯ್ರೇ, ಬರ್ತಾ ಬಸ್ಸಲ್ಲೇ ಬಂದೆ” ಎಂದರು. ಶುಭಸ್ಯ ಶೀಘ್ರಂ. ಇನ್ನು 40 ಗಂಟೆ ಕಲಿತು ಬರಲಿ. ಆಗಲೂ ಆಸೆ ಹಾಗೇ ಇದ್ದರೆ, ಎಂಜಿನಿಯರನ್ನು ಕರೆದುಕೊಂಡು ಲಾಗ್ ಪುಸ್ತಕ ನೋಡಲು ನಾನೂ ಜೊತೆಗೆ ಹೋಗುತ್ತೇನೆ.